ನೆಗ್ಗಿಲ ಸಾರ ಲ್ಯಾಬ್‌ನಲ್ಲಿ ಹರಳು ತಡೆಯಿತು. ಗಣಿಯಲ್ಲಿ ದುಡಿಯುವವರಿಗೆ ಏನು ಹೇಳಲಿ?

ಶಹಾಬಾದ್ ಹುಡುಗಿ

ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಎಂ.ಫಾರ್ಮ್ ಓದುತ್ತಿದ್ದೇನೆ, ಮನೆ ಶಹಾಬಾದ್ ಕಡೆ. ನನ್ನ ಪ್ರಾಜೆಕ್ಟ್ ಕಿಡ್ನಿ ಹರಳಿನ ಮೇಲೆ. ನೆಗ್ಗಿಲ ಮುಳ್ಳಿನ ಕಾಯಿ ಮತ್ತು ಹುರಳಿ, ಇವೆರಡರ ಸಾರ ತೆಗೆದು ಕ್ಯಾಲ್ಸಿಯಂ ಆಕ್ಸಲೇಟ್ ಹರಳು ಕಟ್ಟುವುದನ್ನು ತಡೆಯುತ್ತದಾ ಅಂತ ನೋಡುತ್ತಿದ್ದೇವೆ.

ಮಾಡುವುದು ಹೀಗೆ. ಕ್ಯಾಲ್ಸಿಯಂ ಕ್ಲೋರೈಡ್ ದ್ರಾವಣ ಒಂದು, ಸೋಡಿಯಂ ಆಕ್ಸಲೇಟ್ ದ್ರಾವಣ ಒಂದು. ಎರಡೂ ತಿಳಿಯಾಗಿರುತ್ತವೆ. 37 ಡಿಗ್ರಿಯಲ್ಲಿ ಕೂಡಿಸಿದರೆ ನೋಡನೋಡುತ್ತಿದ್ದಂತೆ ಬೆಳ್ಳಗೆ ಕದಡುತ್ತದೆ. ಹರಳು ಹುಟ್ಟುವುದು ಆಗಲೇ. ಆ ಕದಡು ಎಷ್ಟು ಅಂತ, ಬೆಳಕು ಎಷ್ಟು ದಾಟಿ ಬಂತು ಎಂದು ಅಳೆಯುವ ಯಂತ್ರವಾದ ಸ್ಪೆಕ್ಟ್ರೋಫೋಟೋಮೀಟರ್‌ನಲ್ಲಿ 620 ನ್ಯಾನೋಮೀಟರ್‌ಗೆ ಇಟ್ಟು ಅಳೆಯುತ್ತೇವೆ. ಸಾರ ಹಾಕಿದ ಕ್ಯುವೆಟ್‌ನಲ್ಲಿ (ಯಂತ್ರದಲ್ಲಿಡುವ ಪುಟ್ಟ ಗಾಜಿನ ಪಾತ್ರೆ) ಕದಡು ಕಡಿಮೆ ಬಂತು. ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಹರಳುಗಳು ಸಣ್ಣವು, ಬಿಡಿಬಿಡಿ. ಸಾರ ಇಲ್ಲದ್ದರಲ್ಲಿ ಗುಂಪುಗುಂಪಾಗಿ ಅಂಟಿಕೊಂಡು ಕೂತಿದ್ದವು. ನನಗಂತೂ ತುಂಬಾ ಖುಷಿಯಾಯಿತು.

ಈಗ ಸಮಸ್ಯೆ ಕೇಳಿ. ನಮ್ಮಪ್ಪ ಫರ್ಸಿ ಕಲ್ಲು ಪಾಲಿಶ್ ಮಾಡುವಲ್ಲಿ ಕೆಲಸಕ್ಕೆ ಹೋಗುತ್ತಾರೆ. ಅಲ್ಲಿ, ಗಣಿಯಲ್ಲಿ, ಬಹಳ ಜನಕ್ಕೆ ಹರಳಿನ ನೋವು, ಉರಿಮೂತ್ರ. ಅಪ್ಪ ಹೆಮ್ಮೆಯಿಂದ ಎಲ್ಲರ ಮುಂದೆ ನನ್ನ ಪ್ರಾಜೆಕ್ಟ್ ವಿಷಯ ಹೇಳಿಬಿಟ್ಟಿದ್ದಾರೆ. "ನಿನ್ನ ಔಷಧ ನಮಗೂ ಕೊಡವ್ವ" ಅಂತ ಈಗ ಸಿಕ್ಕಸಿಕ್ಕಲ್ಲಿ ಕೇಳುತ್ತಾರೆ. ನೆಗ್ಗಿಲು ಅಲ್ಲೇ ಬೀಳುಭೂಮಿಯಲ್ಲಿ ಹರಡಿದೆ. ಹುರಳಿ ಎಲ್ಲರ ಮನೆಯಲ್ಲೂ ಇದೆ. ಕುದಿಸಿ ಕುಡಿಯಿರಿ ಅಂತ ಹೇಳಬಹುದಾ? ಬೇಡ ಅನ್ನುವುದಾದರೆ ಯಾಕೆ ಅಂತ ಅವರಿಗೆ ತಿಳಿಯುವ ಹಾಗೆ ಹೇಗೆ ಹೇಳಲಿ?

ಇನ್ನೊಂದು ಮಾತು. ಅವರ ಮೂತ್ರವನ್ನೇ ತಂದು ಅದರಲ್ಲಿ ಸಾರ ಪರೀಕ್ಷೆ ಮಾಡಿದರೆ ಪ್ರಾಜೆಕ್ಟಿಗೂ ತೂಕ ಬರುತ್ತದೆ ಅನಿಸುತ್ತಿದೆ. ಅದರ ಬಗ್ಗೆಯೂ ಹೇಳಿ.

ತೊಗರಿಕಣಜ

ಕೊಟ್ಟುಬಿಡಿ. ಹುರಳಿ ಕಟ್ಟು ಕುಡಿದು ಯಾರಿಗೆ ಏನಾಗಿದೆ?

ಚಿಂಚೋಳಿ ವೈದ್ಯರ ಮೊಮ್ಮಗ

ತಂಗಿ, ನಮ್ಮ ಅಜ್ಜ ನಾಟಿ ವೈದ್ಯರು. ನೆಗ್ಗಿಲು, ಕೊಮ್ಮೆ ಬೇರು, ನೆಲನೆಲ್ಲಿ, ಬಾಳೆದಿಂಡಿನ ರಸ ಇದನ್ನೆಲ್ಲ ಮೊದಲಿಂದಲೂ ಕೊಡುತ್ತಿದ್ದರು. ದೂರದೂರದಿಂದ ಜನ ಬರುತ್ತಿದ್ದರು, ಹರಳು ಬಿತ್ತು ಅಂತ ಚೀಟಿಯಲ್ಲಿ ಕಟ್ಟಿಕೊಂಡು ಬಂದು ತೋರಿಸುತ್ತಿದ್ದರು. ಈಗ ಅದೇ ಗಿಡವನ್ನು ನೀವು ಗಾಜಿನ ನಳಿಕೆಯಲ್ಲಿ ಹಾಕಿ ನೋಡಿ ಹೌದು ಅಂದಿದ್ದೀರಿ. ಸಂತೋಷ. ಆದರೆ ಹೌದು ಅಂತ ಗೊತ್ತಾದ ಮೇಲೂ ಕೊಡಲಾ ಬೇಡವಾ ಅಂತ ಕೇಳುವುದು ಯಾಕೆ? ಇಷ್ಟು ಕಾಲ ಕುಡಿದವರ ಅನುಭವಕ್ಕೆ ಬೆಲೆ ಇಲ್ಲವಾ?

ವಾರ್ಡ್ ಸಿಸ್ಟರ್

ಅಣ್ಣಾ, ಅನುಭವಕ್ಕೆ ಬೆಲೆ ಇದೆ. ಆದರೆ ಹರಳಿನ ವಿಷಯದಲ್ಲಿ ಒಂದು ತೊಡಕಿದೆ. 5 ಮಿಲಿಮೀಟರ್‌ಗಿಂತ ಸಣ್ಣ ಹರಳುಗಳಲ್ಲಿ ಹೆಚ್ಚಿನವು ತಾವಾಗಿಯೇ ಬೀಳುತ್ತವೆ. ಕೆಲವು ದಿನ, ಕೆಲವು ವಾರ ಹಿಡಿಯಬಹುದು, ಅಷ್ಟೇ. ಆ ವಾರಗಳಲ್ಲಿ ಯಾರು ಏನು ಕುಡಿದಿರುತ್ತಾರೋ ಹೆಸರು ಅದಕ್ಕೇ ಹೋಗುತ್ತದೆ. ನಮ್ಮ ವಾರ್ಡಿಗೆ ಬರುವವರಲ್ಲಿ ಬಿಯರ್ ಕುಡಿದು ಬಿತ್ತು ಅನ್ನುವವರಿದ್ದಾರೆ, ಬಾಳೆದಿಂಡು ಅನ್ನುವವರಿದ್ದಾರೆ, ದೇವರಿಗೆ ಹರಕೆ ಹೊತ್ತೆ ಅನ್ನುವವರೂ ಇದ್ದಾರೆ.

ಬೀಳದೆ ಉಳಿದವರು ಅಜ್ಜನ ಹತ್ತಿರ ತೋರಿಸಲು ವಾಪಸ್ ಬರುವುದಿಲ್ಲ. ಅವರು ನಮ್ಮ ಹತ್ತಿರ ಬರುತ್ತಾರೆ. ಕೆಲವರು ಕಿಡ್ನಿ ಊದಿಕೊಂಡ ಮೇಲೆ.

ತಂಗಿ, ನೀನು ಅವರಿಗೆ ಏನೇ ಹೇಳು, ಇದನ್ನು ಮಾತ್ರ ಮೊದಲು ಹೇಳು. ಸೊಂಟದ ಪಕ್ಕ ನೋವಿನ ಜೊತೆ ಚಳಿಜ್ವರ ಬಂದರೆ, ಮೂತ್ರ ನಿಂತೇ ಹೋದರೆ, ವಾಂತಿ ನಿಲ್ಲದಿದ್ದರೆ, ಒಂದೇ ಕಿಡ್ನಿ ಇದ್ದವರಿಗೆ ನೋವು ಬಂದರೆ, ಯಾವ ಕಷಾಯಕ್ಕೂ ಕಾಯಬಾರದು. ಅದೇ ದಿನ ಆಸ್ಪತ್ರೆ.

ಕಡೇಚೂರು ಕೆಮಿಸ್ಟ್

ನಾನು ಔಷಧ ಕಂಪನಿಯ ಕ್ಯೂಸಿ, ಅಂದರೆ ಗುಣಮಟ್ಟ ಪರೀಕ್ಷಿಸುವ ವಿಭಾಗದಲ್ಲಿ ಇರುವವನು. ಪ್ರಯೋಗದ ಬಗ್ಗೆ ಕೆಲವು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹುರಳಿ ಸಾರ ಕಂದು ಬಣ್ಣ. 620ರಲ್ಲಿ ಅದೂ ಸ್ವಲ್ಪ ಬೆಳಕು ಹೀರುತ್ತದೆ. ಆ ಬಣ್ಣದ ಪಾಲನ್ನು ಬೇರೆ ಬ್ಲ್ಯಾಂಕ್ (ಹರಳಿಲ್ಲದ ಬರೀ ಸಾರ) ಇಟ್ಟು ಕಳೆದಿದ್ದೀರಾ? ಸಾರ ಹಾಕಿದ ಮೇಲೆ ಪಿಎಚ್ ಎಷ್ಟಿತ್ತು? ಗಿಡದ ಸಾರದಲ್ಲಿ ಪೊಟ್ಯಾಶಿಯಂ, ಮೆಗ್ನೀಶಿಯಂ, ಸಿಟ್ರೇಟ್ ಎಲ್ಲ ಇರುತ್ತವೆ. ಮೆಗ್ನೀಶಿಯಂ ಆಕ್ಸಲೇಟನ್ನು ಹಿಡಿದುಕೊಳ್ಳುತ್ತದೆ, ಸಿಟ್ರೇಟ್ ಕ್ಯಾಲ್ಸಿಯಂ ಹಿಡಿದುಕೊಳ್ಳುತ್ತದೆ. ಕದಡು ಕಡಿಮೆಯಾಗಿದ್ದು ನೆಗ್ಗಿಲಿನ ವಿಶೇಷ ಗುಣದಿಂದಲಾ, ಇಲ್ಲ ಯಾವ ಸೊಪ್ಪು ಕುದಿಸಿ ಹಾಕಿದ್ದರೂ ಇಷ್ಟೇ ಬರುತ್ತಿತ್ತಾ? ಇದನ್ನು ತಿಳಿಯಬೇಕಾದರೆ ಪಕ್ಕದಲ್ಲಿ ಶುದ್ಧ ಪೊಟ್ಯಾಶಿಯಂ ಸಿಟ್ರೇಟ್ ಇಟ್ಟು ಹೋಲಿಸಬೇಕು. ಸಾಧ್ಯವಾದರೆ ಹರಳಿಗೆ ಸಂಬಂಧವೇ ಇಲ್ಲದ ಒಂದು ಸೊಪ್ಪನ್ನೂ ಇಡಿ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಪ್ರಮಾಣದ್ದು. ಕ್ಯುವೆಟ್‌ನಲ್ಲಿ ನೀವು ಸಾರವನ್ನು ನೇರವಾಗಿ ಹರಳಿನ ಪಕ್ಕದಲ್ಲೇ ಸುರಿಯುತ್ತೀರಿ. ಮನುಷ್ಯ ಕುಡಿದರೆ ಅದು ಹೊಟ್ಟೆ, ಕರುಳು, ಲಿವರ್ ದಾಟಿ, ರಕ್ತದಲ್ಲಿ ಬೆರೆತು, ಆಮೇಲೆ ಕಿಡ್ನಿಗೆ ಬರಬೇಕು. ಗಿಡದ ಸಾರದಲ್ಲಿರುವ ಪಾಲಿಫಿನಾಲ್‌ಗಳಲ್ಲಿ ತುಂಬಾ ಪಾಲು ಕರುಳಿನಲ್ಲೇ ಉಳಿಯುತ್ತದೆ ಅಥವಾ ರೂಪ ಬದಲಾಯಿಸುತ್ತದೆ. ಮೂತ್ರಕ್ಕೆ ಎಷ್ಟು ತಲುಪಿತು ಅಂತ ಗೊತ್ತಾಗುವ ತನಕ ಕ್ಯುವೆಟ್‌ನ ಶೇಕಡಾವಾರು ಲೆಕ್ಕ ಮನುಷ್ಯನಿಗೆ ಹೊಂದುವುದಿಲ್ಲ.

ಶಹಾಬಾದ್ ಹುಡುಗಿ

ಬೇಜಾರೇನಿಲ್ಲ ಸರ್, ಇಂಥ ಪ್ರಶ್ನೆಗೇ ಕಾಯುತ್ತಿದ್ದೆ. ಬಣ್ಣಕ್ಕೆ ಬೇರೆ ಬ್ಲ್ಯಾಂಕ್ ಇಟ್ಟಿದ್ದೇವೆ. ಟ್ರಿಸ್ ಬಫರ್ ಹಾಕಿ ಪಿಎಚ್ 6.5ಕ್ಕೆ ನಿಲ್ಲಿಸಿದ್ದೇವೆ. ಹರಳಿಗೆ ಕೊಡುವ ಸಿಸ್ಟೋನ್ ಅನ್ನುವ ಗಿಡಮೂಲಿಕೆ ಮಾತ್ರೆಯನ್ನು ಹೋಲಿಕೆಗೆ ಸ್ಟ್ಯಾಂಡರ್ಡ್ ಆಗಿ ಇಟ್ಟಿದ್ದೇವೆ, ಎಲ್ಲರೂ ಅದನ್ನೇ ಇಡುವುದು. ಸಿಟ್ರೇಟ್ ಮತ್ತು ಬೇರೆ ಸೊಪ್ಪು ಇಡುವ ಮಾತು ಗೈಡ್ ಹತ್ತಿರ ಎತ್ತುತ್ತೇನೆ.

ಕರಗಿಸುವ ಪ್ರಯೋಗವೂ ಒಂದಿದೆ. ಕೋಳಿಮೊಟ್ಟೆಯ ಚಿಪ್ಪನ್ನು ಆಸಿಡ್‌ನಲ್ಲಿ ಕರಗಿಸಿದರೆ ಒಳಗಿನ ತೆಳು ಪೊರೆ ಹಾಗೇ ಉಳಿಯುತ್ತದೆ. ಒಂದು ಕಡೆ ಚುಚ್ಚಿ ಒಳಗಿನದ್ದೆಲ್ಲ ತೆಗೆದು, ತೊಳೆದು, ಆ ಪೊರೆಯ ಚೀಲದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಪುಡಿ ಮತ್ತು ಸಾರ ಹಾಕಿ ಕಟ್ಟಿ ಬಫರ್‌ನಲ್ಲಿ ಇಳಿಬಿಡುತ್ತೇವೆ. ಆಮೇಲೆ ಒಳಗೆ ಎಷ್ಟು ಉಳಿಯಿತು ಅಂತ ಪೊಟ್ಯಾಶಿಯಂ ಪರ್ಮಾಂಗನೇಟ್‌ನಿಂದ ಹನಿಹನಿ ಹಾಕಿ ಅಳೆಯುವ ಟೈಟ್ರೇಷನ್. ನೇರಳೆ ಬಣ್ಣ ಹೋಗದೆ ನಿಂತುಕೊಂಡ ಕಡೆ ಲೆಕ್ಕ ಬರೆದುಕೊಳ್ಳುವುದು. ಅದರಲ್ಲೂ ಸ್ವಲ್ಪ ಕರಗಿದ್ದು ಕಂಡಿದೆ.

ಕಡೇಚೂರು ಕೆಮಿಸ್ಟ್

ಪುಡಿ ಕರಗುವುದು ಬೇರೆ, ಕಿಡ್ನಿಯೊಳಗೆ ವರ್ಷಗಟ್ಟಲೆ ಪದರಪದರವಾಗಿ ಗಟ್ಟಿಯಾದ ಹರಳು ಕರಗುವುದು ಬೇರೆ. ಯೂರಿಕ್ ಆಸಿಡ್ ಹರಳು ಮೂತ್ರವನ್ನು ಕ್ಷಾರದ ಕಡೆ ತಿರುಗಿಸಿದರೆ ನಿಜಕ್ಕೂ ಕರಗುತ್ತದೆ, ಅದಕ್ಕೆ ಪೊಟ್ಯಾಶಿಯಂ ಸಿಟ್ರೇಟ್ ಕೊಡುತ್ತಾರೆ. ಕ್ಯಾಲ್ಸಿಯಂ ಆಕ್ಸಲೇಟ್ ಹಾಗೆ ಕರಗುವ ಜಾತಿಯಲ್ಲ. ಹೊಸದು ಆಗದ ಹಾಗೆ, ಇದ್ದದ್ದು ಬೆಳೆಯದ ಹಾಗೆ ನೋಡಿಕೊಳ್ಳಬಹುದು. ನಿಮ್ಮ ಸಾರದ ಆಸೆ ಇರುವುದೂ ಅಲ್ಲೇ.

ಚಿಂಚೋಳಿ ವೈದ್ಯರ ಮೊಮ್ಮಗ

ಹಾಗಾದರೆ ಮನುಷ್ಯರ ಮೇಲೆ ಯಾರೂ ನೋಡೇ ಇಲ್ಲವಾ? ಎಲ್ಲ ಇಲಿ, ಮೊಟ್ಟೆ ಅಂತಲೇ ಇದೆಯಾ?

ಬೀದರ್ ಬಾಟನಿ ಮೇಷ್ಟ್ರು

ನೋಡಿದ್ದಾರೆ. ನೀವು ಹೇಳಿದ ನೆಲನೆಲ್ಲಿಯ ಜಾತಿಯನ್ನೇ ಬ್ರೆಜಿಲ್‌ನಲ್ಲಿ ನೋಡಿದ್ದಾರೆ. 2004ರಲ್ಲಿ ಬಂದ ಅಧ್ಯಯನದಲ್ಲಿ 69 ಮಂದಿ ಹರಳಿನ ರೋಗಿಗಳಿದ್ದರು. ಒಂದು ಗುಂಪಿಗೆ ನೆಲನೆಲ್ಲಿಯ ಕ್ಯಾಪ್ಸೂಲ್, ಇನ್ನೊಂದು ಗುಂಪಿಗೆ ಸುಮ್ನೆ ಖಾಲಿ ಕ್ಯಾಪ್ಸೂಲ್, ಮೂರು ತಿಂಗಳು. ಮೂತ್ರದಲ್ಲಿ ಕ್ಯಾಲ್ಸಿಯಂ ಜಾಸ್ತಿ ಇದ್ದವರಲ್ಲಿ ಮಾತ್ರ ಅದು ಇಳಿಯಿತು. ಉಳಿದವರಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಇಲ್ಲ. ಇಟಲಿಯಲ್ಲಿ 2006ರಲ್ಲಿ ಹರಳನ್ನು ಶಾಕ್‌ವೇವ್‌ನಿಂದ ಒಡೆಸಿಕೊಂಡವರಿಗೆ ಕೊಟ್ಟು ನೋಡಿದರು. ಕಿಡ್ನಿಯ ಕೆಳಭಾಗದಲ್ಲಿ ಹರಳಿದ್ದವರಿಗೆ ಅನುಕೂಲವಾಯಿತು, ಒಟ್ಟಾರೆ ಲೆಕ್ಕದಲ್ಲಿ ವ್ಯತ್ಯಾಸ ಗಟ್ಟಿಯಾಗಿ ನಿಲ್ಲಲಿಲ್ಲ. ಅಂದರೆ ಗಿಡದಲ್ಲಿ ಏನೋ ಇದೆ. ಯಾರಿಗೆ, ಎಷ್ಟು, ಯಾವಾಗ ಅನ್ನುವುದು ಮನುಷ್ಯರ ಮೇಲೆ ನೋಡಿದಾಗಲೇ ಬಿಡಿಸಿಕೊಂಡದ್ದು.

ಇನ್ನು ನನ್ನ ಕಸುಬಿನ ಮಾತು. ಗಿಡ ಯಾವುದು ಅಂತ ಗಟ್ಟಿ ಮಾಡಿಕೊಂಡಿದ್ದೀರಾ? ಹೂವು, ಕಾಯಿ, ಎಲೆ ಸಮೇತ ಒಣಗಿಸಿ ಹಾಳೆಗೆ ಅಂಟಿಸಿ ಹರ್ಬೇರಿಯಂನಲ್ಲಿ, ಅಂದರೆ ಒಣಗಿಸಿದ ಗಿಡಗಳ ಸಂಗ್ರಹದಲ್ಲಿ, ನಂಬರ್ ಪಡೆಯಬೇಕು. ಕೊಮ್ಮೆ ಅಂತ ಸಂತೆಯಲ್ಲಿ ತಂದುಕೊಡುವುದರಲ್ಲಿ ಎಷ್ಟೋ ಸಲ ಟ್ರೈಯಾಂಥಿಮಾ ಅನ್ನುವ ಬೇರೆ ಗಿಡ ಸೇರಿರುತ್ತದೆ. ನೆಲಕ್ಕೆ ಹಬ್ಬುವುದು ಎರಡೂ ಒಂದೇ ಥರ. ಆದರೆ ಟ್ರೈಯಾಂಥಿಮಾದಲ್ಲಿ ಆಕ್ಸಲೇಟ್ ಇದೆ. ಹರಳಿನವರಿಗೆ ಅದನ್ನು ಕುಡಿಸಿದರೆ ಹೇಗೆ, ಹೇಳಿ!

ಸುರಪುರ ಕುರಿಗಾರ

ಮೇಷ್ಟ್ರೇ, ನೆಗ್ಗಿಲೂ ಎರಡು ಥರ ಇದೆ ಅಲ್ವಾ. ನೆಲಕ್ಕೆ ಅಂಟಿಕೊಂಡು ಹಬ್ಬಿ ಹಳದಿ ಹೂ ಬಿಡುವ ಸಣ್ಣದು ಒಂದು. ಅದರ ಕಾಯಿ ಚಪ್ಪಲಿ ತೂರಿ ಬರುತ್ತದೆ, ಸೈಕಲ್ ಟೈರಿಗೂ ಚುಚ್ಚುತ್ತದೆ. ಆನೆ ನೆಗ್ಗಿಲು ಅಂತ ಇನ್ನೊಂದು, ನೆಟ್ಟಗೆ ಬೆಳೆಯುತ್ತದೆ, ಎಲೆ ನೀರಲ್ಲಿ ತಿರುವಿದರೆ ಲೋಳೆ ಲೋಳೆ ಆಗುತ್ತದೆ. ತಂಗಿ ಯಾವುದನ್ನು ತಗೊಂಡಿದ್ದಾರೆ?

ಮತ್ತೆ, ಕುರಿ ನೆಗ್ಗಿಲು ಜಾಸ್ತಿ ಮೇಯ್ದರೆ ಒಳ್ಳೆಯದಲ್ಲ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಅದು ನಿಜವಾ?

ಬೀದರ್ ಬಾಟನಿ ಮೇಷ್ಟ್ರು

ಸರಿಯಾಗಿ ಗುರುತಿಸಿದ್ದೀರಿ. ಸಣ್ಣದು ಟ್ರಿಬ್ಯುಲಸ್ ಟೆರೆಸ್ಟ್ರಿಸ್. ಆನೆ ನೆಗ್ಗಿಲು ಪೆಡಾಲಿಯಂ ಮ್ಯೂರೆಕ್ಸ್, ಅದು ಎಳ್ಳಿನ ಕುಟುಂಬದ್ದು, ಸಂಬಂಧವೇ ಬೇರೆ. ಅಂಗಡಿಯಲ್ಲಿ ಗೋಖ್ರು ಅಂತ ಕೇಳಿದರೆ ಎರಡರಲ್ಲಿ ಯಾವುದನ್ನಾದರೂ ಕೊಡಬಹುದು.

ಕುರಿಯ ಮಾತು ನಿಜ. ದಕ್ಷಿಣ ಆಫ್ರಿಕಾದಲ್ಲಿ ಸಣ್ಣ ನೆಗ್ಗಿಲು ಮೇಯ್ದ ಕುರಿಗಳಿಗೆ ಲಿವರ್ ಕೆಟ್ಟು, ಬಿಸಿಲಿಗೆ ಮುಖ ಊದಿ ಸಾಯುವುದು ಹಳೆಯ ಕಾಯಿಲೆ. ಗಿಡಮೂಲಿಕೆ ಅಂದ ಮಾತ್ರಕ್ಕೆ ಎಷ್ಟು ಕುಡಿದರೂ ತೊಂದರೆ ಇಲ್ಲ ಅನ್ನುವ ಹಾಗಿಲ್ಲ.

ಈಶ್ವರ ಬಳ್ಳಿಯ ಬೇರು ಇನ್ನೂ ಭಯದ್ದು. ಹಾವು ಕಡಿದರೆ, ಜ್ವರಕ್ಕೆ ಅಂತ ನಮ್ಮ ಕಡೆ ಕೊಡುತ್ತಾರೆ. ಅದರಲ್ಲಿ ಅರಿಸ್ಟೊಲೋಕಿಕ್ ಆಸಿಡ್ ಇದೆ. ಬೆಲ್ಜಿಯಂನಲ್ಲಿ ತೂಕ ಇಳಿಸುವ ಮಾತ್ರೆಯಲ್ಲಿ ಆ ಜಾತಿಯ ಗಿಡ ಸೇರಿ ಹೆಂಗಸರ ಕಿಡ್ನಿಗಳೇ ಹೋದವು, 1993ರಲ್ಲಿ ಅದು ಬೆಳಕಿಗೆ ಬಂತು. ಆಮೇಲೆ ಅವರಲ್ಲಿ ಹಲವರಿಗೆ ಮೂತ್ರನಾಳದ ಕ್ಯಾನ್ಸರ್. ಕಿಡ್ನಿಗೆ ಒಳ್ಳೆಯದು ಅಂತ ಯಾರಾದರೂ ಬೇರುಗಳ ಮಿಶ್ರಣ ಪುಡಿ ಮಾಡಿ ಕೊಟ್ಟರೆ ದಯವಿಟ್ಟು ಮುಟ್ಟಬೇಡಿ.

ಚಿಂಚೋಳಿ ವೈದ್ಯರ ಮೊಮ್ಮಗ

ಅಜ್ಜ ಗಿಡ ತಾವೇ ಕಿತ್ತು ತರುತ್ತಿದ್ದರು, ಅಂಗಡಿಯದ್ದು ಮುಟ್ಟುತ್ತಿರಲಿಲ್ಲ. ಈಗ ಹೆಸರು ಹೇಳಿ ಪುಡಿ ಮಾರುವವರ ಪಾಪವನ್ನು ನಿಜವಾದ ವೈದ್ಯರ ಮೇಲೆ ಹಾಕಬೇಡಿ.

ಕಂಡಕ್ಟರಕ್ಕ

ನೀವೆಲ್ಲ ಕಷಾಯದ ಬಗ್ಗೆ ಮಾತಾಡುತ್ತಿದ್ದೀರಿ. ನಾನು ಒಂದಕ್ಕೆ ಹೋಗುವುದರ ಬಗ್ಗೆ ಮಾತಾಡುತ್ತೇನೆ.

ಬೆಳಿಗ್ಗೆ ಡ್ಯೂಟಿಗೆ ಹತ್ತುವ ಮುಂಚೆ ನಾನು ನೀರು ಕುಡಿಯುವುದಿಲ್ಲ. ಯಾಕೆ ಅಂದರೆ ಮುಂದಿನ ಊರಿನ ಸ್ಟ್ಯಾಂಡಿನಲ್ಲಿ ಶೌಚಾಲಯಕ್ಕೆ ಬೀಗ ಇರುತ್ತದೋ, ನೀರು ಇರುತ್ತದೋ, ಚಿಲಕ ಇರುತ್ತದೋ ಗೊತ್ತಿಲ್ಲ. ಇದ್ದರೂ ಐದು ನಿಮಿಷದಲ್ಲಿ ಬಸ್ ಬಿಡಬೇಕು. ಏಪ್ರಿಲ್‌ನಲ್ಲಿ ಬಸ್ಸಿನ ಒಳಗಿನ ಕಬ್ಬಿಣದ ಕಂಬಿ ಮುಟ್ಟಲು ಆಗುವುದಿಲ್ಲ, ಅಷ್ಟು ಕಾದಿರುತ್ತದೆ. ಬೆವರು ಹರಿಯುತ್ತದೆ, ಬಾಟಲಿ ಬ್ಯಾಗಿನಲ್ಲಿ ತುಂಬಿಯೇ ಇರುತ್ತದೆ. ಸಂಜೆ ಮನೆಗೆ ಬಂದು ಹೋದರೆ ಕಡುಹಳದಿ, ಉರಿ. ಮಾತ್ರೆ ತಗೊಂಡರೆ ಕಡಿಮೆಯಾಗುತ್ತದೆ, ಮತ್ತೆ ಬರುತ್ತದೆ. ನನ್ನ ಜೊತೆಯವರಿಗೂ ಇದೇ ಕಥೆ, ಶಾಲೆ ಟೀಚರ್ ಆಗಿರುವ ನನ್ನ ತಂಗಿಗೂ ಇದೇ.

ನನಗೆ ಯಾವ ಸಾರ ಕೊಟ್ಟರೂ ಅದನ್ನು ಕುಡಿದ ಮೇಲೂ ಒಂದಕ್ಕೆ ಹೋಗಲೇಬೇಕಲ್ಲ?

ವಾಡಿ ಕಾರ್ಮಿಕ

ಅಕ್ಕಾ, ಮುಖ್ಯ ಮಾತು ನೀವು ಆಡಿದಿರಿ.

ನಮ್ಮ ಕಲಬುರಗಿ ವಿಭಾಗದಲ್ಲಿ ಏಪ್ರಿಲ್, ಮೇ ಬಂತು ಅಂದರೆ ಸರ್ಕಾರಿ ಕಚೇರಿಗಳಿಗೆ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30ರ ವೇಳೆ. ಒಳ್ಳೆಯದೇ, ಬಿಸಿಲು ಹಾಗಿದೆ. ಆದರೆ ಫ್ಯಾನಿನ ಕೆಳಗೆ ಕೂರುವವರಿಗೆ ಬಿಸಿಲು ಕಂಡಿತು, ಬಂಡೆಯ ಮೇಲೆ ನಿಂತು ಫರ್ಸಿ ಎಬ್ಬಿಸುವವರಿಗೆ ಯಾರು ವೇಳೆ ಬದಲಿಸಿದರು? ಅಲ್ಲಿ ಮೇಲಿಂದಲೂ ಬಿಸಿಲು, ಕೆಳಗೆ ಕಾದ ಕಲ್ಲಿಂದಲೂ ಝಳ. ಎಷ್ಟು ಕಲ್ಲು ಎಬ್ಬಿಸಿದರೆ ಅಷ್ಟು ಕೂಲಿ. ನೀರು ಕುಡಿಯಲು ಹೋಗಿ ಬಂದರೂ ಕೂಲಿ ಕಡಿಮೆ.

ಕಾನೂನು ಹೊಸದೇನಲ್ಲ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಕುಡಿಯುವ ನೀರು ಕೊಡಬೇಕು, ಅದು ಮೂತ್ರಾಲಯದಿಂದ ಆರು ಮೀಟರ್ ಒಳಗೆ ಇರಬಾರದು, 250ಕ್ಕಿಂತ ಜಾಸ್ತಿ ಜನ ಇದ್ದರೆ ಬೇಸಿಗೆಯಲ್ಲಿ ನೀರು ತಣ್ಣಗಿರಬೇಕು ಅಂತ ಬರೆದಿದ್ದರು. ಹೆಂಗಸರಿಗೆ ಗಂಡಸರಿಗೆ ಬೇರೆ ಬೇರೆ ಶೌಚಾಲಯ ಅಂತಲೂ ಇತ್ತು. ಗಣಿಗಳಿಗೆ 1952ರ ಕಾಯ್ದೆ, ಅದರ ಕೆಳಗೆ 1955ರ ನಿಯಮ. ಅದರಲ್ಲಿ ಒಬ್ಬರಿಗೆ ಕಡಿಮೆ ಅಂದರೂ ಎರಡು ಲೀಟರ್ ಕುಡಿಯುವ ನೀರು ಅಂತಿತ್ತು. ನಮ್ಮ ಬೇಸಿಗೆಗೆ ಆ ಎರಡು ಲೀಟರ್ ಮಧ್ಯಾಹ್ನದ ಊಟದ ಹೊತ್ತಿಗೇ ಖಾಲಿ. ಅಷ್ಟಾದರೂ ಕೊಡುವ ಗಣಿ ಎಷ್ಟಿವೆ?

ತೊಗರಿಕಣಜ

ಅದೆಲ್ಲ ಸರಿ. ಆದರೆ ನಮ್ಮಲ್ಲಿ ಹರಳು ಆಗುವುದು ನೀರಿನಿಂದ ಅಲ್ವಾ? ಬೋರ್ ನೀರು ಕಾಯಿಸಿದರೆ ಪಾತ್ರೆ ತಳದಲ್ಲಿ ಬೆಳ್ಳಗೆ ಕೂರುತ್ತದೆ. ಅದೇ ಕಿಡ್ನಿಯಲ್ಲೂ ಕೂರುತ್ತದೆ. ಸುಣ್ಣದ ಕಲ್ಲಿನ ನಾಡು ನಮ್ಮದು. ಜೊತೆಗೆ ಕಲ್ಲಿನ ಧೂಳು ಬೇರೆ ಹೊಟ್ಟೆಗೆ ಹೋಗುತ್ತದೆ.

ವಾರ್ಡ್ ಸಿಸ್ಟರ್

ಇಲ್ಲರೀ. ಇದು ಎಲ್ಲರೂ ನಂಬಿರುವ ಮಾತು, ಆದರೆ ಕಿಡ್ನಿ ಪಾತ್ರೆ ಅಲ್ಲ. ಗಡಸು ನೀರು ಕುಡಿದವರಿಗೆಲ್ಲ ಹರಳು ಬರುತ್ತದೆ ಅನ್ನಲು ಗಟ್ಟಿ ಆಧಾರ ಸಿಕ್ಕಿಲ್ಲ. ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಅದು ಹೋಗಿ ಕಿಡ್ನಿಯಲ್ಲಿ ಕಲ್ಲಾಗಿ ಕೂರುವುದಿಲ್ಲ. ಈ ನಂಬಿಕೆಯಿಂದ ಆಗುವ ನಷ್ಟ ಏನು ಗೊತ್ತಾ? "ಇಲ್ಲಿನ ನೀರು ಸರಿಯಿಲ್ಲ" ಅಂತ ಜನ ಇರುವ ನೀರನ್ನೂ ಕುಡಿಯುವುದು ಬಿಡುತ್ತಾರೆ. ಕುಡಿಯುವುದು ಕಡಿಮೆಯಾದರೆ ಮೂತ್ರ ಗಟ್ಟಿಯಾಗುತ್ತದೆ, ಹರಳಿಗೆ ಬೇಕಾದ್ದೂ ಅದೇ.

ಬಿಸಿಯ ಕೆಲಸಕ್ಕೂ ಹರಳಿಗೂ ನೇರ ನಂಟಿದೆ. ಇಟಲಿಯ ಗಾಜಿನ ಕಾರ್ಖಾನೆಯೊಂದರಲ್ಲಿ 1993ರ ಅಧ್ಯಯನ. ಕುಲುಮೆ ಹತ್ತಿರ ಬೆವರು ಸುರಿಸುತ್ತಾ ಕೆಲಸ ಮಾಡುವವರಲ್ಲಿ ಹರಳು ಶೇ. 8.5 ಮಂದಿಗೆ, ಅದೇ ಕಾರ್ಖಾನೆಯಲ್ಲಿ ತಂಪಲ್ಲಿ ಇದ್ದವರಲ್ಲಿ ಶೇ. 2.4. ಬಿಸಿಯಲ್ಲಿದ್ದವರಿಗೆ ಯೂರಿಕ್ ಆಸಿಡ್ ಹರಳು ಜಾಸ್ತಿ, ಯಾಕೆಂದರೆ ಮೂತ್ರ ಕಡಿಮೆ, ಹುಳಿ ಜಾಸ್ತಿ. ಅದೇ ತಂಡ 1996ರಲ್ಲಿ ಮೊದಲ ಸಲ ಹರಳು ಬಂದ 199 ಮಂದಿಯನ್ನು ಎರಡು ಪಾಲು ಮಾಡಿತು. ಒಂದು ಪಾಲಿಗೆ ದಿನಕ್ಕೆ ಎರಡು ಲೀಟರ್‌ಗಿಂತ ಜಾಸ್ತಿ ಮೂತ್ರ ಬರುವಷ್ಟು ನೀರು ಕುಡಿಯಿರಿ ಅಂದರು. ಇನ್ನೊಂದಕ್ಕೆ ಏನೂ ಹೇಳಲಿಲ್ಲ. ಐದು ವರ್ಷದಲ್ಲಿ ನೀರು ಕುಡಿದವರಲ್ಲಿ 12 ಮಂದಿಗೆ ಮತ್ತೆ ಹರಳು, ಇನ್ನೊಂದು ಪಾಲಿನಲ್ಲಿ 27 ಮಂದಿಗೆ. ಬರೀ ನೀರಿನಿಂದ!

ಶಹಾಬಾದ್ ಹುಡುಗಿ

ಸಿಸ್ಟರ್, ಯೂರಿಕ್ ಆಸಿಡ್ ಮಾತು ನನಗೆ ಬಹಳ ಮುಖ್ಯ. ನಾವು ಪ್ರಯೋಗ ಮಾಡುತ್ತಿರುವುದು ಪೂರ್ತಿ ಕ್ಯಾಲ್ಸಿಯಂ ಆಕ್ಸಲೇಟ್ ಮೇಲೆ. ನಮ್ಮ ಗಣಿಯವರಿಗೆ ಬರುವುದು ಯಾವ ಹರಳು ಅಂತ ನೋಡದೆ ಕಷಾಯ ಕೊಟ್ಟರೆ ರೋಗ ಒಂದು, ಮದ್ದು ಇನ್ನೊಂದು ಆಗಬಹುದು.

ವಾರ್ಡ್ ಸಿಸ್ಟರ್

ಹೌದು. ಬಿದ್ದ ಹರಳನ್ನು ಬಿಸಾಡಬೇಡಿ, ಜರಡಿ ಬಟ್ಟೆಯಲ್ಲಿ ಹಿಡಿದು ಒಣಗಿಸಿ ತನ್ನಿ ಅಂತ ಹೇಳು. ಲ್ಯಾಬಿಗೆ ಕೊಟ್ಟರೆ ಯಾವುದು ಅಂತ ತಿಳಿಯುತ್ತದೆ.

ಪುಂಡಿಪಲ್ಯ ಪ್ರಿಯೆ

ನಮ್ಮ ಮನೆಯವರಿಗೆ ಹರಳಾದಾಗ ಪುಂಡಿಪಲ್ಯ, ಹಾಲು, ಮೊಸರು ಎಲ್ಲ ಬಿಡಿ ಅಂತ ಅಕ್ಕಪಕ್ಕದವರು ಹೇಳಿದರು. ಜೋಳದ ರೊಟ್ಟಿ ಜೊತೆ ಪುಂಡಿ ಇಲ್ಲದೆ ಊಟ ಹೇಗೆ? ಯಾರಾದರೂ ತಿಳಿದವರು ಹೇಳಿ.

ಕಡೇಚೂರು ಕೆಮಿಸ್ಟ್

ಪುಂಡಿಯಲ್ಲಿ ಆಕ್ಸಲೇಟ್ ಇದೆ, ರಾಜಗಿರಿಯಲ್ಲೂ ಇದೆ. ಆಕ್ಸಲೇಟ್ ಹರಳಿನವರು ದಿನಾ ತಿನ್ನಬಾರದು. ಆದರೆ ಮೊಸರು ಬಿಡುವುದು ತಪ್ಪು. ಊಟದ ಜೊತೆ ಮೊಸರು, ಮಜ್ಜಿಗೆ ಇದ್ದರೆ ಅದರ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಹೊರಗೆ ಹಾಕುತ್ತದೆ, ಮೂತ್ರಕ್ಕೆ ಬರಲು ಬಿಡುವುದಿಲ್ಲ. 2002ರಲ್ಲಿ ಇದನ್ನೇ 120 ಗಂಡಸರ ಮೇಲೆ ಐದು ವರ್ಷ ನೋಡಿದರು. ಕ್ಯಾಲ್ಸಿಯಂ ಕಡಿಮೆ ತಿಂದವರಲ್ಲಿ 23 ಮಂದಿಗೆ ಹರಳು ಮರುಕಳಿಸಿತು. ಕ್ಯಾಲ್ಸಿಯಂ ಎಂದಿನಂತೆ ತಿಂದು ಉಪ್ಪು, ಮಾಂಸ ಕಡಿಮೆ ಮಾಡಿದವರಲ್ಲಿ 12 ಮಂದಿಗೆ. ಬಿಡಬೇಕಾದ್ದು ಉಪ್ಪು. ಉಪ್ಪಿನಕಾಯಿ, ಮಿರ್ಚಿ ಜೊತೆ ಉಪ್ಪು ಮೆಣಸಿನಕಾಯಿ, ಹಪ್ಪಳ, ಇವುಗಳಿಂದ ಮೂತ್ರಕ್ಕೆ ಕ್ಯಾಲ್ಸಿಯಂ ಜಾಸ್ತಿ ಹೋಗುತ್ತದೆ.

ನಿಂಬೆಹಣ್ಣಿನ ನೀರು ಒಳ್ಳೆಯದು, ಸಿಟ್ರೇಟ್ ಇದೆ. ಸಕ್ಕರೆ ಸುರಿಯಬೇಡಿ.

ಪುಂಡಿಪಲ್ಯ ಪ್ರಿಯೆ

ಹಾಗಾದರೆ ವಾರಕ್ಕೊಮ್ಮೆ ಪುಂಡಿ, ಜೊತೆಗೆ ಗಟ್ಟಿ ಮೊಸರು. ಬದುಕಿದೆ.

ಬಿದ್ರಿ ಮನೆತನ

ನಮ್ಮ ಕೆಲಸ ಕೂತು ಮಾಡುವುದು. ಬೀದರ್‌ನಲ್ಲಿ ಬೆಳ್ಳಿ ತಂತಿ ಕೂರಿಸಲು ಕುಳಿತರೆ ಎದ್ದೇಳುವ ಹೊತ್ತೇ ತಿಳಿಯುವುದಿಲ್ಲ. ಸತುವಿನ ಎರಕ ಹೊಯ್ಯುವ ದಿನ ಒಲೆ ಹತ್ತಿರ ಬೆಂದು ಹೋಗುತ್ತೇವೆ. ಕೂತು ಮಾಡುವ ಕೆಲಸದವರಿಗೂ ಇದು ಬರುತ್ತದಾ?

ವಾರ್ಡ್ ಸಿಸ್ಟರ್

ಬೆವರಿ, ನೀರು ಕುಡಿಯದೆ, ತಡೆದುಕೊಂಡು ಕೂತರೆ ಯಾರಿಗಾದರೂ ಬರಬಹುದು ಅಣ್ಣಾ. ಎರಕದ ದಿನ ಹೊಗೆ ಕಡೆಯಿಂದಲೂ ದೂರ ಇರಿ, ಸತುವಿನ ಹೊಗೆಗೆ ಚಳಿಜ್ವರ ಬರುತ್ತದೆ.

ಮೈಕ್ರೋಬಯಾಲಜಿ ಬೆಂಚು

ಕಂಡಕ್ಟರಕ್ಕನ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ಉರಿಮೂತ್ರದ ಮೇಲೆ ಗಿಡದ ಸಾರ ಪರೀಕ್ಷೆ ಮಾಡುವುದು ನಮ್ಮ ಬೆಂಚಿನ ದಿನನಿತ್ಯದ ಕೆಲಸ. ಅಗಾರ್ ತಟ್ಟೆಯ ಮೇಲೆ ಇ. ಕೋಲಿ ಹಚ್ಚಿ, ಸಣ್ಣ ಗುಂಡಿ ಕೊರೆದು, ಸಾರ ಹಾಕಿ ಒಂದು ರಾತ್ರಿ 37 ಡಿಗ್ರಿಯಲ್ಲಿ ಬಿಡುತ್ತೇವೆ. ಬೆಳಿಗ್ಗೆ ಗುಂಡಿಯ ಸುತ್ತ ಏನೂ ಬೆಳೆಯದ ತಿಳಿ ವೃತ್ತ ಕಂಡರೆ ಮಿಲಿಮೀಟರ್‌ನಲ್ಲಿ ಅಳೆದು ಬರೆಯುತ್ತೇವೆ. ಪತ್ರಿಕೆಯಲ್ಲಿ "ಗಿಡಮೂಲಿಕೆಯಿಂದ ಮೂತ್ರದ ಸೋಂಕು ಮಾಯ" ಅಂತ ಬರುವುದು ಈ ವೃತ್ತದಿಂದ.

ಆದರೆ ಸಾರವನ್ನು ದ್ರಾವಕವಾದ ಡಿಎಂಎಸ್‌ಒದಲ್ಲಿ ಕರಗಿಸಿರುತ್ತಾರೆ, ಬರೀ ಡಿಎಂಎಸ್‌ಒ ಗುಂಡಿ ಪಕ್ಕದಲ್ಲಿ ಇಡದೇ ಇದ್ದರೆ ವೃತ್ತ ಯಾರದ್ದು ಅಂತ ಹೇಳಲಾಗದು. ದೊಡ್ಡ ವೃತ್ತ ಅಂದರೆ ದೊಡ್ಡ ಶಕ್ತಿ ಅಂತಲೂ ಅಲ್ಲ. ಅಗಾರ್‌ನಲ್ಲಿ ಬೇಗ ಹರಡುವ ವಸ್ತುವಿಗೆ ವೃತ್ತ ದೊಡ್ಡದು.

ಲ್ಯಾಬ್‌ನಲ್ಲಿ ಸರಿ ಕಂಡದ್ದು ಮನುಷ್ಯರಲ್ಲಿ ಎರಡು ಥರವೂ ಆಗಿದೆ. ಕ್ರ್ಯಾನ್‌ಬೆರಿ ಬ್ಯಾಕ್ಟೀರಿಯಾವನ್ನು ಮೂತ್ರಕೋಶದ ಗೋಡೆಗೆ ಅಂಟಲು ಬಿಡುವುದಿಲ್ಲ ಅಂತ ಲ್ಯಾಬ್‌ನಲ್ಲಿ ಕಂಡರು. 2023ರಲ್ಲಿ 50 ಅಧ್ಯಯನ ಕೂಡಿಸಿ ನೋಡಿದಾಗ, ಪದೇಪದೇ ಸೋಂಕು ಬರುವ ಹೆಂಗಸರಿಗೆ ಸ್ವಲ್ಪ ಉಪಯೋಗ ಇದೆ ಅಂತ ಗೊತ್ತಾಯಿತು. ಡಿ-ಮ್ಯಾನೋಸ್ ಅನ್ನುವ ಸಕ್ಕರೆಗೂ ಲ್ಯಾಬ್‌ನಲ್ಲಿ ಅದೇ ಗುಣ ಕಂಡಿತ್ತು. 2024ರಲ್ಲಿ ಬ್ರಿಟನ್‌ನಲ್ಲಿ 598 ಹೆಂಗಸರಿಗೆ ಕೊಟ್ಟು ನೋಡಿದರು, ಏನೂ ಉಪಯೋಗವಿಲ್ಲ. ತಟ್ಟೆಯನ್ನು ನೋಡಿ ಯಾವುದು ಗೆಲ್ಲುತ್ತದೆ ಅಂತ ಮೊದಲೇ ಹೇಳಲು ಆಗುತ್ತಿರಲಿಲ್ಲ.

ಕಂಡಕ್ಟರಕ್ಕ

ಕ್ರ್ಯಾನ್‌ಬೆರಿ ಕಲಬುರಗಿ ಸೂಪರ್ ಮಾರ್ಕೆಟ್‌ನಲ್ಲಿ ಯಾರು ಮಾರುತ್ತಾರೆ? ಶೌಚಾಲಯದ ಬೀಗದ ಕೈ ಕೊಡಿಸಿ ಸಾಕು.

ಯಾದಗಿರಿ ಶಿಫ್ಟ್

ಇಷ್ಟು ಹೊತ್ತು ಓದುತ್ತಿದ್ದೆ. ನಮ್ಮ ಕಡೆ ಕೆಮಿಕಲ್ ಕಾರ್ಖಾನೆಯಲ್ಲಿ ಇರುವ ಗೆಳೆಯನಿಗೆ ಮೂತ್ರ ಕೆಂಪಗೆ ಹೋಗಿತ್ತಂತೆ. ನೋವು ಏನೂ ಇಲ್ಲ. ಉಷ್ಣ ಆಗಿದೆ ಅಂತ ಹೇಳಿ ಎಳನೀರು, ಸಬ್ಜಾ ಬೀಜ ಕುಡಿಯುತ್ತಿದ್ದಾನೆ. ಎರಡು ದಿನದಲ್ಲಿ ನಿಂತಿದೆ. ಚಿಂತೆ ಇಲ್ಲ ಅಲ್ವಾ?

ವಾರ್ಡ್ ಸಿಸ್ಟರ್

ಚಿಂತೆ ಇದೆ. ನೋವಿಲ್ಲದೆ ರಕ್ತ ಹೋಗುವುದು, ತಾನೇ ನಿಲ್ಲುವುದು, ಇದೇ ಭಯದ ಲಕ್ಷಣ. ನಿಂತಿತು ಅಂತ ಸುಮ್ನಾಗಬಾರದು. ಮೂತ್ರಕೋಶದ ಕ್ಯಾನ್ಸರ್ ಹೀಗೆ ಶುರುವಾಗಬಹುದು. ಬೇರೆ ಕಾರಣವೂ ಇರಬಹುದು, ಆದರೆ ನೋಡದೆ ಹೇಳಲಾಗುವುದಿಲ್ಲ. 1895ರಲ್ಲೇ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ರೆನ್ ಅನ್ನುವ ಸರ್ಜನ್ ಬಣ್ಣದ ಕಾರ್ಖಾನೆಯವರಲ್ಲಿ ಮೂತ್ರಕೋಶದ ಗಡ್ಡೆ ಕಂಡು ಕೆಲಸಕ್ಕೂ ರೋಗಕ್ಕೂ ನಂಟಿದೆ ಅಂದಿದ್ದರು. ಬೆಂಜಿಡಿನ್‌ನಂಥ ವಸ್ತುಗಳು ಕಾರಣ ಅಂತ ಆಮೇಲೆ ತಿಳಿಯಿತು. ಕೆಲಸದಲ್ಲಿ ಯಾವ ಕೆಮಿಕಲ್ ಮುಟ್ಟುತ್ತಾನೆ, ಬೀಡಿ ಸಿಗರೇಟು ಇದೆಯಾ, ಎಲ್ಲ ಡಾಕ್ಟರಿಗೆ ಹೇಳಲಿ. ಈ ವಾರವೇ ಕರೆದುಕೊಂಡು ಹೋಗಿ.

ಯಾದಗಿರಿ ಶಿಫ್ಟ್

ನಾಳೆಯೇ ಕರೆದುಕೊಂಡು ಹೋಗುತ್ತೇನೆ ಸಿಸ್ಟರ್. ಡ್ರಮ್ ಮೇಲಿನ ಹೆಸರುಗಳ ಫೋಟೋ ತೆಗೆದುಕೊಂಡು ಬಾ ಅಂತ ಈಗಲೇ ಮೆಸೇಜ್ ಹಾಕಿದೆ.

ಮೈಕ್ರೋಬಯಾಲಜಿ ಬೆಂಚು

ಶಹಾಬಾದ್ ತಂಗಿಯ ಎರಡನೇ ಪ್ರಶ್ನೆ ಹಾಗೇ ಉಳಿದಿದೆ. ಮೂತ್ರದ ಸ್ಯಾಂಪಲ್ ತರುವುದು ಸಣ್ಣ ವಿಷಯ ಅಂತ ತಿಳಿಯಬೇಡಿ. ಕಾಲೇಜಿನ ಎಥಿಕ್ಸ್ ಕಮಿಟಿಯ ಒಪ್ಪಿಗೆ ಮೊದಲು. ಆಮೇಲೆ ಪ್ರತಿಯೊಬ್ಬರಿಗೂ ಕನ್ನಡದಲ್ಲಿ, ಓದಲು ಬಾರದವರಿಗೆ ಓದಿ ಹೇಳಿ, ಒಪ್ಪಿಗೆ ಪಡೆಯಬೇಕು. ನಿಮ್ಮ ತಂದೆಯ ಜೊತೆ ಕೆಲಸ ಮಾಡುವವರು ನಿಮಗೆ ಇಲ್ಲ ಅನ್ನಲು ಹಿಂಜರಿಯುತ್ತಾರೆ, ಅದಕ್ಕೆ ಕೇಳುವುದು ಬೇರೆಯವರಾದರೆ ಒಳ್ಳೆಯದು. ಯಾರ ಮೂತ್ರದಲ್ಲಿ ಏನು ಕಂಡಿತು ಅಂತ ಮುಕಾದಮನ ಕಿವಿಗೆ ಬೀಳಬಾರದು. ಸಕ್ಕರೆ, ಪ್ರೋಟೀನ್ ಕಂಡವನನ್ನು ನಾಳೆ ಕೆಲಸಕ್ಕೆ ಬರಬೇಡ ಅಂದರೆ ಯಾರು ಹೊಣೆ?

ವಾಡಿ ಕಾರ್ಮಿಕ

ಈ ಮಾತು ಬಹಳ ಮುಖ್ಯ. ಸ್ಯಾಂಪಲ್ ತಗೊಂಡು ಹೋಗಿ ಪೇಪರ್ ಬರೆದುಕೊಂಡು ವಾಪಸ್ ಬಾರದವರನ್ನು ನಮ್ಮವರು ನೋಡಿದ್ದಾರೆ. ತೊಂದರೆ ಕಂಡವರಿಗೆ ಚಿಕಿತ್ಸೆ ಎಲ್ಲಿ ಅಂತ ಮೊದಲೇ ಗೊತ್ತು ಮಾಡಿಕೊಂಡು ಬನ್ನಿ.

ಚಿಂಚೋಳಿ ವೈದ್ಯರ ಮೊಮ್ಮಗ

ಎಲ್ಲರ ಮಾತೂ ಓದಿದೆ. ನೀರು, ಶೌಚಾಲಯದ ಮಾತನ್ನು ಒಪ್ಪುತ್ತೇನೆ. ಅಜ್ಜ ಕೂಡ ಕಷಾಯ ಕೊಡುವಾಗ ತಂಬಿಗೆ ತಂಬಿಗೆ ನೀರು ಕುಡಿ ಅಂತಲೇ ಹೇಳುತ್ತಿದ್ದರು. ಆದರೆ ಗಿಡಗಳನ್ನು ಪಕ್ಕಕ್ಕೆ ಸರಿಸಬೇಡಿ. ಬ್ರೆಜಿಲ್‌ನವರು ತಮ್ಮ ಗಿಡಕ್ಕೆ ಅಷ್ಟು ಮಾಡಿದರೆ ನಾವು ನಮ್ಮ ನೆಗ್ಗಿಲಿಗೆ, ಕೊಮ್ಮೆಗೆ ಯಾಕೆ ಮಾಡಬಾರದು? ತಂಗಿಯಂಥವರು ಕ್ಯುವೆಟ್‌ಗೆ ನಿಲ್ಲಿಸದೆ ಮುಂದಕ್ಕೆ ಒಯ್ಯಬೇಕು. ಅಜ್ಜನ ಗಿಡ ಯಾವ್ಯಾವುದು, ಎಲ್ಲಿ ಕೀಳುತ್ತಿದ್ದರು ಅಂತ ನಾನು ತೋರಿಸುತ್ತೇನೆ. ಮೇಷ್ಟ್ರು ಬಂದು ಹಾಳೆಗೆ ಅಂಟಿಸಲಿ.

ಬೀದರ್ ಬಾಟನಿ ಮೇಷ್ಟ್ರು

ಖಂಡಿತ ಬರುತ್ತೇನೆ. ಮಳೆ ಬಿದ್ದ ಮೇಲೆ ಹೋಗೋಣ, ಹೂವು ಕಾಯಿ ಎರಡೂ ಸಿಗಬೇಕು. ಅಜ್ಜನವರ ಹೆಸರು ಕೆಲಸದಲ್ಲಿ ಬರಲೇಬೇಕು.

ಶಹಾಬಾದ್ ಹುಡುಗಿ

ಎಲ್ಲರಿಗೂ ತುಂಬಾ ಧನ್ಯವಾದ. ಅಪ್ಪನ ಜೊತೆಯವರಿಗೆ ಹೀಗೆ ಹೇಳೋಣ ಅಂದುಕೊಂಡಿದ್ದೇನೆ. ನಮ್ಮದು ಇನ್ನೂ ಔಷಧ ಆಗಿಲ್ಲ, ಗಾಜಿನಲ್ಲಿ ಆಗಿದ್ದು ಹೊಟ್ಟೆಯಲ್ಲಿ ಆಗುತ್ತದೆ ಅಂತ ನನಗೇ ಗೊತ್ತಿಲ್ಲ. ಹುರಳಿ ಸಾರು ಊಟದಲ್ಲಿ ಇದ್ದರೆ ಇರಲಿ. ನೆಗ್ಗಿಲು ಕುದಿಸಿ ದಿನಾ ಕುಡಿಯುವುದು ಬೇಡ. ಸಿಸ್ಟರ್ ಹೇಳಿದ ಅಪಾಯದ ಲಕ್ಷಣಗಳನ್ನು ದೊಡ್ಡ ಅಕ್ಷರದಲ್ಲಿ ಬರೆದು ಪಾಲಿಶ್ ಮಷೀನ್ ಹತ್ತಿರ ಅಂಟಿಸುತ್ತೇನೆ.

ಗಂಟೆಗೆ ಎಷ್ಟು ನೀರು ಕುಡಿಯಬೇಕು ಅಂತ ಒಂದು ಲೆಕ್ಕ ಇದ್ದರೆ ಹೇಳಿ, ಅದನ್ನೂ ಬರೆಯುತ್ತೇನೆ.

ವಾರ್ಡ್ ಸಿಸ್ಟರ್

ಬಿಸಿಲಲ್ಲಿ ದುಡಿಯುವಾಗ ಪ್ರತಿ 15–20 ನಿಮಿಷಕ್ಕೆ ಒಂದು ಲೋಟ, ಸುಮಾರು 240 ಮಿಲಿ. ಒಮ್ಮೆಲೇ ಚೊಂಬುಗಟ್ಟಲೆ ಬೇಡ, ಗಂಟೆಗೆ 1.4 ಲೀಟರ್ ದಾಟಬಾರದು. ಹಾರ್ಟ್ ತೊಂದರೆ, ಕಿಡ್ನಿ ವೀಕ್ ಆದವರು ಡಾಕ್ಟರನ್ನು ಕೇಳಿಯೇ ಕುಡಿಯಬೇಕು. ಲೆಕ್ಕ ನೆನಪಿಲ್ಲದಿದ್ದರೆ ಬಣ್ಣ ನೋಡಿಕೊಳ್ಳಲಿ. ತಿಳಿ ಹಳದಿ ಇದ್ದರೆ ಸರಿ, ಕಡು ಹಳದಿ ಆದರೆ ಇನ್ನೂ ಕುಡಿಯಬೇಕು.

ವಾಡಿ ಕಾರ್ಮಿಕ

ಅಂಟಿಸುವ ಹಾಳೆಯಲ್ಲಿ ಇನ್ನೊಂದು ಸಾಲು ಸೇರಿಸು ತಂಗಿ: ನೀರು ಮತ್ತು ಶೌಚಾಲಯ ಕೊಡುವುದು ಮಾಲೀಕರ ಜವಾಬ್ದಾರಿ. ಅಪ್ಪನ ಹೆಸರಿನಲ್ಲಿ ಬೇಡ, ಅವರ ಕೂಲಿಗೆ ತೊಂದರೆ ಆಗಬಾರದು. ಮಾಲೀಕರ ಹತ್ತಿರ ಮಾತಾಡಲು ನಾವು ನಾಲ್ಕು ಜನ ಬರುತ್ತೇವೆ. ಯಾವ ದಿನ ಅಂತ ಹೇಳು.

ಕಂಡಕ್ಟರಕ್ಕ

ಆ ಹಾಳೆ ರೆಡಿಯಾದರೆ ಇಲ್ಲೇ ಹಾಕವ್ವ. ನಮ್ಮ ಡಿಪೋದ ಹೆಂಗಸರ ಕೋಣೆಗೂ ಒಂದು ಬೇಕು.